ಡ್ರಮ್‌ಗಾರ್ವ್ ಗೋಪುರ ಕೆಡವಿದವನ ಮಗನಿಗೆ

ನಿತ್ ಹೊಳೆಯ ದಂಡೆ, ಡ್ರಮ್‌ಗಾರ್ವ್
ಸಂತ ಲೂಸಿಯ ಹಬ್ಬದ ಮರುದಿನ, ನಾವು ಗೆದ್ದ ವರ್ಷ

ಮಗನೇ ಫೆರ್ಕರ್,

ನಿನ್ನ ಪತ್ರ ತಲುಪಿತು. ಹತ್ತು ವರ್ಷಕ್ಕೆ ಬಂದ ಮೊದಲ ಪತ್ರ, ಎಣಿಸಿದರೆ ಹನ್ನೊಂದು ಸಾಲು. ಸನ್ಯಾಸಿ ಸೈಮನ್ ಅದನ್ನು ಅಂಗಿಯೊಳಗೆ ಎದೆಗೆ ಕಟ್ಟಿಕೊಂಡು ಗಡಿ ದಾಟಿಸಿ ತಂದ. ಅವನ ಬೆವರಿಗೆ ಅರ್ಧಕ್ಕರ್ಧ ಅಕ್ಷರ ಹರಡಿಹೋಗಿದ್ದವು. ಆದರೂ ಓದಬೇಕಾದದ್ದನ್ನು ಓದುವುದಕ್ಕೆ ಕಷ್ಟವಾಗಲಿಲ್ಲ. ನಾನು ನಿಂತೇ ಓದಿದೆ. ಓದಿ ಅವನಿಗೆ ಗಂಜಿ ಬಡಿಸಿದೆ, ಹಸುಗಳಿಗೆ ನೀರು ತೋರಿಸಿದೆ, ಆಮೇಲೆ ಕೂತು ಇನ್ನೊಮ್ಮೆ ಓದಿದೆ.

ಇಂಗ್ಲಿಷ್ ಒಡೆಯರು ಆಡುವ ಸೊಗಸಾದ ಫ್ರೆಂಚಿನಲ್ಲಿ ಬರೆದಿದ್ದೀಯ. ‘ಪೂಜ್ಯ ಮಾತೆಯವರೇ’ ಎಂದು ಶುರುಮಾಡಿದ್ದೀಯ. ನಿನ್ನನ್ನು ಇಂಗ್ಲಿಷರ ಕೈಗೆ ಒತ್ತೆಯಾಗಿ ಕೊಟ್ಟಾಗ ನಿನಗೆ ಎಂಟು ವರ್ಷ. ಆಗೆಲ್ಲ “ಏಯ್ ಅಮ್ಮಾ” ಎಂದು ಇಡೀ ಕಣಿವೆಗೆ ಕೇಳುವ ಹಾಗೆ ಕೂಗುತ್ತಿದ್ದೆ. ಇರಲಿ, ನಡತೆ ಕಲಿಸಿದ್ದಾರೆ, ಸಂತೋಷ. ಫ್ರೆಂಚ್ ನನಗೂ ಬರುತ್ತದೆ, ಮಠದ ಸನ್ಯಾಸಿನಿಯರು ಬೆರಳಿನ ಗೆಣ್ಣಿಗೆ ಹೊಡೆದು ಹೊಡೆದು ಕಲಿಸಿದ್ದರು. ಆದರೆ ಈ ಉತ್ತರವನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಮರೆತುಹೋಗಿದ್ದರೆ ಯಾರಿಂದಲಾದರೂ ಓದಿಸಿಕೋ. ನೀನಿರುವ ಕಡೆ ಸೆರೆಮನೆಗಳಲ್ಲಿ ನಮ್ಮವರಿಗೇನೂ ಬರವಿಲ್ಲ.

ನೀನು ಬರೆದದ್ದನ್ನು ಮೊದಲು ನಾನೇ ಒಮ್ಮೆ ಹೇಳಿಬಿಡುತ್ತೇನೆ, ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೋ ಇಲ್ಲವೋ ನೋಡು. ಯುದ್ಧದಲ್ಲಿ ನಾವು ಗೆದ್ದ ಮೇಲೆ ಒತ್ತೆಯಾಳುಗಳನ್ನೆಲ್ಲ ಬಿಡುಗಡೆ ಮಾಡಿದ್ದಾರೆ, ನಿನ್ನನ್ನೂ. ನಮ್ಮ ರಾಜ ಗಡುವು ಕೊಟ್ಟಿದ್ದಾನೆ: ಈಸ್ಟರ್ ಹಬ್ಬದೊಳಗೆ ಬಂದು ಅವನ ಮುಂದೆ ಮಂಡಿಯೂರಿದರೆ ಡ್ರಮ್‌ಗಾರ್ವ್ ನಿನ್ನದು, ಬಾರದಿದ್ದರೆ ಈ ನೆಲ ಎಂದೆಂದಿಗೂ ಬೇರೆಯವರ ಪಾಲು. ಅತ್ತ ನಿನ್ನನ್ನು ಸಾಕಿದ ಇಂಗ್ಲಿಷ್ ಒಡೆಯ ತಮ್ಮನ ಮಗಳನ್ನು ಕೊಟ್ಟು, ಜೊತೆಗೆ ಎರಡು ನೀರುಗಿರಣಿ ಇರುವ ಒಂದು ಹಳ್ಳಿ ಕೊಡುತ್ತೇನೆಂದಿದ್ದಾನೆ. ನೀನು ಇನ್ನೂ ನಿರ್ಧರಿಸಿಲ್ಲ. ನಿರ್ಧರಿಸುವ ಮೊದಲು ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕು ಎಂದಿದ್ದೀಯ. ನಿನ್ನ ಅಪ್ಪ ಇಂಗ್ಲಿಷರ ದೊರೆಗೆ ಇಟ್ಟ ಆಣೆಯನ್ನು ಮುರಿದ ದಿನ, ಅದರಿಂದ ನಿನ್ನ ಕುತ್ತಿಗೆಗೆ ಹಗ್ಗ ಬೀಳುತ್ತದೆಂದು ಅವನಿಗೆ ಗೊತ್ತಿತ್ತೆ?

ಗೊತ್ತಿತ್ತು ಮಗನೇ. ಚೆನ್ನಾಗಿ ಗೊತ್ತಿತ್ತು.

ಇಷ್ಟು ಓದಿ ಪತ್ರವನ್ನು ಒಲೆಗೆ ಹಾಕಬೇಡ. ಹಾಕುವುದಿದ್ದರೂ ಪೂರ್ತಿ ಓದಿ ಹಾಕು. ಹತ್ತು ವರ್ಷ ಅವರ ಮಾತು ಕೇಳಿದ್ದೀಯ, ನನ್ನದನ್ನು ಅರ್ಧ ಗಳಿಗೆ ಕೇಳಿದರೆ ನಷ್ಟವಿಲ್ಲ.

ನಿನ್ನ ಅಪ್ಪ ಡನೆಗಾಲ್ ನಿನಗೆ ಎಷ್ಟು ನೆನಪಿದ್ದಾನೋ ನಾನರಿಯೆ. ಕುದುರೆಯ ಮೇಲೆ ಕೂತಾಗ ದೊಡ್ಡ ಆಳು, ಇಳಿದರೆ ನನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದ. ಕೆಂಪು ಗಡ್ಡ. ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಕೆಟ್ಟದಾಗಿ ಹಾಡುತ್ತಿದ್ದ. ಕಣಿವೆಯ ಅರವತ್ತು ಒಕ್ಕಲಿನ ಹಸುಗಳ ಹೆಸರು ಬಾಯಿಪಾಠ, ಹೆಂಗಸರ ಹೆಸರು ಮಾತ್ರ ತಪ್ಪಿಸುತ್ತಿದ್ದ. ಅದಕ್ಕೆ ಬೈಸಿಕೊಳ್ಳುತ್ತಲೂ ಇದ್ದ. ಯುದ್ಧ ಶುರುವಾದ ಮೇಲೆ ಎಂಟು ವರ್ಷ ಕುದುರೆಯಿಂದ ಇಳಿದದ್ದೇ ಕಡಿಮೆ. ಸೋತ ಯುದ್ಧದಿಂದ ಎರಡು ಸಲ ನಡೆದುಕೊಂಡು ಮನೆಗೆ ಬಂದ. ಕೊನೆಗೆ ದೊಡ್ಡ ದೊಡ್ಡ ಒಡೆಯರೆಲ್ಲ ಇಂಗ್ಲಿಷರ ದೊರೆಗೆ ತಲೆಬಾಗಿದಾಗ ಇವನೂ ಬಾಗಿದ. ಬಾಗಿದವರ ಮಾತಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ, ಇದ್ದೊಬ್ಬ ಮಗನನ್ನು ಒತ್ತೆಯಿಡು ಎಂದರು. ಡಂಫ್ರೀಸ್ ಕೋಟೆಯವರೆಗೆ ನಿನ್ನನ್ನು ತನ್ನ ಮುಂದೆ ಕೂರಿಸಿಕೊಂಡು ಹೋದವನು, ಬರುವಾಗ ಕುದುರೆಯ ಮೇಲೆ ಕೂರಲಿಲ್ಲ, ಅದರ ಜೊತೆ ನಡೆದೇ ಬಂದ.

ಆಮೇಲಿನ ಮೂರು ವರ್ಷ ಅವನು ಆ ಆಣೆಯನ್ನು ಕಾಪಾಡಿದ. ಇದನ್ನು ನಿನಗೆ ಯಾರೂ ಹೇಳಿರಲಾರರು. ಡಂಫ್ರೀಸಿನ ಇಂಗ್ಲಿಷ್ ದಳಪತಿ ಕುದುರೆ ಹತ್ತುವಾಗ ರಿಕಾಪು ಹಿಡಿದು ನಿಲ್ಲು ಎಂದರೆ ನಿಂತ. ಅವರ ಕುದುರೆಗಳಿಗೆ ಹುಲ್ಲು ಕಳಿಸು ಎಂದರೆ ನಮ್ಮ ದನಗಳ ಹುಲ್ಲು ಕಳಿಸಿದ. ನಮ್ಮ ಜನರೇ ಅವನನ್ನು ಬಾಯಿಗೆ ಬಂದಂತೆ ಆಡಿಕೊಂಡರು. ಸಂತೆಯಲ್ಲಿ ಮೀನು ಮಾರುವವಳೊಬ್ಬಳು ನನ್ನೆದುರಿಗೇ ಕೇಳಿದಳು: “ಏನ್ ಒಡೆಯಾ, ಇವತ್ತು ಇಂಗ್ಲಿಷ್ ಕುದುರೆಗೆ ಮೇವು ಹಾಕಿ ಆಯ್ತಾ, ಇಲ್ಲಾ ಸಂಜೆಗಾ?” ನನಗೆ ಮೈಯೆಲ್ಲ ಉರಿದುಹೋಯಿತು. ಇವನು ನಕ್ಕ. “ಆಯ್ತು ಕಣವ್ವ, ಚೆನ್ನಾಗಿ ತಿಂತು. ನೀನು ಆ ಹೆರಿಂಗ್ ಮೀನು ತೂಕ ಸರಿಯಾಗಿ ಹಾಕು” ಎಂದ. ಮನೆಗೆ ಬಂದವನೇ ಕೊಡಲಿ ಹಿಡಿದು ಕತ್ತಲಾಗುವವರೆಗೆ ಸೌದೆ ಒಡೆದ. ಯುದ್ಧದಲ್ಲಿ ಅವನು ತೋರಿಸಿದ ಧೈರ್ಯವನ್ನು ಎಲ್ಲರೂ ಹೇಳುತ್ತಾರೆ. ನಿನ್ನ ಕುತ್ತಿಗೆ ಉಳಿಯಲಿ ಎಂದು ಮೂರು ವರ್ಷ ಅವನು ನುಂಗಿದ್ದನ್ನು ನೋಡಿದವಳು ನಾನೊಬ್ಬಳೇ. ನನಗೆ ಅವನ ಮೇಲಿರುವ ಹೆಮ್ಮೆಯಲ್ಲಿ ಹೆಚ್ಚಿನ ಪಾಲು ಆ ಮೂರು ವರ್ಷದ್ದು.

ಮೂರನೆಯ ವರ್ಷ ವಸಂತದಲ್ಲಿ ನಮ್ಮ ರಾಜ ಪಶ್ಚಿಮದ ಬೆಟ್ಟಗಳಿಗೆ ಬಂದಿಳಿದನಂತೆ, ಜೊತೆಗೆ ಮುನ್ನೂರು ಜನವೂ ಇಲ್ಲವಂತೆ ಎಂದು ಸುದ್ದಿ ಹಬ್ಬಿತು. ನಮ್ಮ ಕಣಿವೆಯ ಆರು ಹುಡುಗರು ಯಾರಿಗೂ ಹೇಳದೆ ಹೋಗಿ ಅವನ ಜೊತೆ ಸೇರಿದರು. ಬೆಟ್ಟದ ಮೇಲಿಂದ ಇಂಗ್ಲಿಷರ ಮೇಲೆ ಬಂಡೆ ಉರುಳಿಸಿ, ಏನೂ ಆಗಿಲ್ಲವೆಂಬಂತೆ ಉರುವಲಿನ ಪೀಟ್ ಮಣ್ಣಿನ ಹೆಂಟೆ ಕಡಿಯುವ ಹೊತ್ತಿಗೆ ಸರಿಯಾಗಿ ಮನೆಗೆ ಬಂದುಬಿಟ್ಟರು. ಯುದ್ಧವೆಂದರೂ ಚಳಿಗಾಲಕ್ಕೆ ಒಲೆ ಉರಿಯಬೇಕಲ್ಲ, ನಮ್ಮವರ ಬುದ್ಧಿಯೇ ಹಾಗೆ. ಬಂದವರು ಬಾಯಿ ಮುಚ್ಚಿಕೊಂಡಿರಬಾರದೆ? ಕಡಿಯುವ ಜಾಗದಲ್ಲಿ ಯಾರ ಬಂಡೆ ದೊಡ್ಡದಿತ್ತು ಎಂದು ಜಗಳವಾಡಿದರು. ನಾಲ್ಕು ದಿನದಲ್ಲಿ ಅದು ದಳಪತಿಯ ಕಿವಿಗೆ ಬಿತ್ತು.

ಅವನ ಅಪ್ಪಣೆ ಬಂತು. ಪೆಂಟೆಕೋಸ್ಟ್ ಭಾನುವಾರ ಅರವತ್ತು ಜನರೊಡನೆ ಬಂದು ನಮ್ಮ ಗೋಪುರದ ಮನೆಯಲ್ಲೇ ಠಾಣ್ಯ ಹೂಡುತ್ತಾನೆ. ಅಷ್ಟರೊಳಗೆ ಆ ಆರು ಜನರನ್ನು ಕೈಕಟ್ಟಿ ಅಂಗಳದಲ್ಲಿ ನಿಲ್ಲಿಸಿರಬೇಕು, ನೇಣಿಗೆ. ಇಲ್ಲವಾದರೆ ನಿನ್ನ ಮಗ ನಮ್ಮ ಹತ್ತಿರ ಇದ್ದಾನೆ ಎಂಬುದನ್ನು ನೆನಪಿಸಿಕೋ ಎಂದು ಕೊನೆಯ ಸಾಲು.

ಆ ಬುಧವಾರ ಮಧ್ಯಾಹ್ನ ನಿನ್ನ ಅಪ್ಪ ಹಿಟ್ಟಿನ ಪೆಟ್ಟಿಗೆಯ ಮೇಲೆ ಕಾಗದವಿಟ್ಟುಕೊಂಡು ತಾನೇ ಆರು ಹೆಸರು ಬರೆದ. ಅವನು ಕೊಡುವವನಿದ್ದ, ಫೆರ್ಕರ್. ನಿನಗಾಗಿ ಆರೂ ಜನರನ್ನು ಕೊಡುವವನಿದ್ದ. ಇದನ್ನು ಬರೆಯುವುದಕ್ಕೆ ನನಗೆ ಕಷ್ಟ, ಆದರೂ ಬರೆಯುತ್ತೇನೆ. ನಿನ್ನ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿಂದ ಶುರುವಾಗುತ್ತದೆ.

ಹೆಸರು ಬರೆದು ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ಮಾರ್ಸಲಿ ನಿಂತಿದ್ದಳು. ನಿನ್ನ ಸಾಕುತಾಯಿ. ನೀನು ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ಏಳು ವರ್ಷದವರೆಗೆ ಅವಳ ಒಲೆಯ ಪಕ್ಕ ಬೆಳೆದೆ. ಒಡೆಯನ ಮಗ ಒಕ್ಕಲಿನ ಮನೆಯಲ್ಲಿ ಬೆಳೆಯಬೇಕೆಂಬ ನಮ್ಮ ಈ ಪದ್ಧತಿಯನ್ನು ಅಲ್ಲಿ ಹೇಳಿದರೆ ನಗುತ್ತಾರೇನೋ, ನಗಲಿ. ಆ ಆರು ಜನರಲ್ಲಿ ಒಬ್ಬ ಅವಳ ಹಿರಿಯ ಮಗ ಡೂಗಲ್, ಆಗ ಅವನಿಗೆ ಹತ್ತೊಂಬತ್ತು. ನಾನು ಅವಳು ಕಾಲಿಗೆ ಬೀಳುವುದಕ್ಕೆ ಬಂದಿದ್ದಾಳೆ ಅಂದುಕೊಂಡೆ. ಬಿದ್ದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಅವಳು ಬೀಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದಳು: “ಒಡತಿ, ಪಟ್ಟೀಲಿ ನಮ್ ಡೂಗಲ್ ಹೆಸ್ರು ಮೇಲ್ಗಡೆ ಬರ್ಸಿ. ನಾನೇ ಕರ್ಕೊಂಡ್ ಬಂದಿವ್ನಿ, ಅಗಾ, ಹೊರಗ್ ನಿಂತವ್ನೆ. ಹೊಟ್ಟೆ ತುಂಬ ರೊಟ್ಟಿ ತಿನ್ಸಿ, ಮುಖ ತೊಳ್ಸಿ ಕರ್ಕೊಂಡ್ ಬಂದೆ. ಮಿಕ್ಕ ಐದು ಜನದ ಅವ್ವಂದ್ರ ಕೂಡ ನಾನ್ ಮಾತಾಡ್ಬಿಟ್ಟಿವ್ನಿ, ಯಾರೂ ಎದುರು ಆಡಲ್ಲ.” ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. “ಫೆರ್ಕರ್‌ಗೆ ಮಾತ್ರ ಏನೂ ಆಗ್ಬಾರ್ದು. ಇಬ್ರಿಗೂ ಹಾಲು ಕೊಟ್ಟೋಳು ನಾನು. ದೊಡ್ಡೋನು ಸಾಕಷ್ಟು ಬದುಕವ್ನೆ. ಚಿಕ್ಕೋನಿಗೆ ಇನ್ನೂ ಗಡ್ಡ ಬಂದಿಲ್ಲ” ಎಂದಳು. ಎಲ್ಲೂ ದನಿ ಒಡೆಯಲಿಲ್ಲ.

ನಾನು ಹೊರಗೆ ಬಂದು ನೋಡಿದೆ. ಡೂಗಲ್ ನಿಜವಾಗಿಯೂ ಅಂಗಳದಲ್ಲಿ ನಿಂತಿದ್ದ. ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ, ಹಬ್ಬಕ್ಕೆ ಹೊರಟವನಂತೆ. ನನ್ನನ್ನು ಕಂಡು ನಕ್ಕ. “ಅವ್ವ ಹೇಳಿದ್ ಸರಿ ಒಡತಿ. ಆದ್ರೆ ಒಂದ್ ಮಾತು ನಡೆಸ್ಕೊಡ್ಬೇಕು, ಹಗ್ಗ ಹಾಕೋಕ್ ಮುಂಚೆ ಆ ದಳಪತಿ ಮೂಗಿಗೆ ಒಂದ್ ಗುದ್ದು ಕೊಡಕ್ ಬಿಡಿ. ಕೈ ಕಟ್ಬಿಟ್ರೆ ಆಮೇಲ್ ಆಗಲ್ಲ ನೋಡಿ” ಎಂದ.

ಒಳಗೆ ಬಂದೆ. ಮಾರ್ಸಲಿಯನ್ನು ಅಡುಗೆಮನೆಗೆ ಕಳಿಸಿದೆ. ನಿನ್ನ ಅಪ್ಪ ನೆಲ ನೋಡಿಕೊಂಡು ಹೇಳಿದ: “ಅವರೇ ಒಪ್ಪಿದಾರಲ್ಲ ಬೆಥೊಕ್. ಕೊಟ್ಟುಬಿಡೋಣ.” ನಾನು “ಬೇಡ” ಎಂದೆ. ಅವನಿಗೆ ಅರ್ಥವಾಗಲಿಲ್ಲ. “ಬೇಡ ಅಂದ್ರೆ? ಹಾಗಾದ್ರೆ ಮಗ?” ಎಂದ. “ಮಗ ಹೋಗ್ತಾನೆ” ಎಂದೆ.

ಅಷ್ಟೇ ಮಾತು. ಅದನ್ನು ಆಡಿದ್ದು ನಾನು, ಅವನಲ್ಲ.

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ನನ್ನ ಮೇಲೆ ದನಿಯೆತ್ತಿದ್ದು ಅದೊಂದೇ ಸಲ. “ನೀನು ಹೆತ್ತ ತಾಯಿಯೇನೇ?” ಎಂದು ಕೂಗಿದ. ಅಂಗಳದಲ್ಲಿದ್ದ ಕೋಳಿಗಳೆಲ್ಲ ಚೆದುರಿ ಓಡಿದವು. ನಾನು ಹೇಳಿದೆ: “ಹೌದು, ಅದಕ್ಕೇ ಹೇಳ್ತಿದೀನಿ. ಆ ಹೆಂಗಸು ಮುಖ ತೊಳೆಸಿ ಮಗನ್ನ ಕರ್ಕೊಂಡು ಬಂದಿದಾಳೆ. ನಾವು ಅವನನ್ನ ಇಸ್ಕೊಂಡ್ರೆ, ನಾಳೆ ನಮ್ಮ ಮಗ ವಾಪಸ್ ಬಂದು ಯಾರಿಗೆ ಒಡೆಯ ಆಗ್ತಾನೆ? ಯಾರ ಮನೇಲಿ ಒಂದು ಲೋಟ ನೀರು ಕೇಳ್ತಾನೆ? ಅವನು ಮಾರ್ಸಲಿ ಕೈಯಿಂದ ರೊಟ್ಟಿ ಇಸ್ಕೊಂಡು ತಿನ್ನೋವಾಗ ಅವನ ಗಂಟಲಲ್ಲಿ ಅದು ಇಳಿಯತ್ತಾ? ಅವರು ಕೊಡ್ತೀನಿ ಅಂದಿದ್ದೇ ಸಾಕು ಡನೆಗಾಲ್. ಕೊಡ್ತೀನಿ ಅಂದವರ ಹತ್ರ ತಗೊಳ್ಳಬಾರದು.”

ಅವನು ಮೂರು ಸಲ ಎದ್ದು ಲಾಯಕ್ಕೆ ಹೋಗಿ ಬಂದ. ನಿನ್ನ ಹೆಸರನ್ನು ಎರಡು ಸಲ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ಹೊರಗೆ ಹೋಗಿ ಡೂಗಲ್‌ನಿಗೆ “ಹೋಗಿ ಮೇಸ್ತ್ರಿ ಗಿಲ್‌ಮೋರ್‌ನ ಕರ್ಕೊಂಡ್ ಬಾ, ಗುದ್ದಲಿ, ಹಾರೆ ಎಲ್ಲಾ ತರ್ಲಿ” ಎಂದ. ಅಲ್ಲಿಗೆ ಅವನು ಆಣೆ ಮುರಿದಂತಾಯಿತು.

ಗೋಪುರವನ್ನು ಯಾಕೆ ಕೆಡವಿದ ಎಂದು ನಿಮ್ಮ ಕಡೆಯವರು ಒಂದೊಂದು ಥರ ಹೇಳುತ್ತಾರಂತೆ, ಹುಚ್ಚು ಹಿಡಿದಿತ್ತು ಎನ್ನುವವರೂ ಇದ್ದಾರಂತೆ. ಹುಚ್ಚೇನೂ ಅಲ್ಲ. ನಾವು ಆ ಗೋಪುರವನ್ನು ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಇಂಗ್ಲಿಷರು ಅದರಲ್ಲಿ ಕೂತರೆ ಇಡೀ ಕಣಿವೆ ಅವರ ಮುಷ್ಟಿಯಲ್ಲಿ. ಅವರಿಗೆ ಸಿಗದಂತೆ ಮಾಡಬೇಕಿತ್ತು, ಅದಕ್ಕೆ ನಮಗಿದ್ದದ್ದು ಮೂರೂವರೆ ದಿನ. ಆಮೇಲೆ ನಮ್ಮ ಒಡೆಯರು ಎಷ್ಟೋ ಜನ ರಾಜನ ಮಾತಿನಂತೆ ತಮ್ಮ ತಮ್ಮ ಮನೆ ತಾವೇ ಕೆಡವಿದರು. ಆದರೆ ನಮ್ಮ ಕಣಿವೆಗಳಲ್ಲಿ ಮೊದಲು ಕೆಡವಿದವನು ನಿನ್ನ ಅಪ್ಪ, ಯಾರೂ ಹೇಳದೆ ಕೆಡವಿದವನು.

ಗೋಡೆಯ ಮೂಲೆಯ ಕೆಳಗೆ ಅಗೆಯುತ್ತ ಹೋಗಬೇಕು. ಅಗೆದಷ್ಟು ಜಾಗಕ್ಕೆ ಓಕ್ ಮರದ ತೊಲೆ ಕೊಟ್ಟು ಗೋಡೆಯನ್ನು ಆನಿಸಬೇಕು. ಕೊನೆಗೆ ತೊಲೆಗಳಿಗೆ ಹಂದಿ ಕೊಬ್ಬು ಬಳಿದು, ಸುತ್ತ ಪುಳ್ಳೆ ತುಂಬಿ ಬೆಂಕಿ ಕೊಟ್ಟರೆ, ತೊಲೆ ಸುಟ್ಟು ಗೋಡೆ ತಾನಾಗಿ ಕೂರುತ್ತದೆ. ಕೊಬ್ಬು ಬಳಿದವರಲ್ಲಿ ನಾನೂ ಒಬ್ಬಳು, ಮೊಣಕೈಯವರೆಗೆ. ಗಿಲ್‌ಮೋರ್ ಆಗಲೇ ಎಪ್ಪತ್ತು ದಾಟಿದ ಮುದುಕ. ಆ ಗೋಪುರ ಕಟ್ಟಿದವನು ಅವನ ಅಪ್ಪ. ಶುಕ್ರವಾರ ಬೆಳಿಗ್ಗೆ ಬೆಂಕಿ ಕೊಟ್ಟೆವು. ತೊಲೆಗಳೆಲ್ಲ ಸುಟ್ಟು ಬೂದಿಯಾದವು. ಗೋಡೆ ಒಂದು ಗೇಣು ಕುಸಿದು, ಹಾಗೇ ನಿಂತುಬಿಟ್ಟಿತು. ಎಲ್ಲರಿಗೂ ಜೀವ ಬಾಯಿಗೆ ಬಂತು. ಗಿಲ್‌ಮೋರ್ ಮಾತ್ರ ಕುಣಿದಾಡಿದ. “ನೋಡಿದ್ರಾ ಒಡೆಯಾ, ನಮ್ಮಪ್ಪನ್ ಕೈ ನೋಡಿದ್ರಾ! ಇಂಗ್ಲಿಷ್ ಮೇಸ್ತ್ರಿ ಕಟ್ಟಿದ್ದಾಗಿದ್ರೆ ಸೀನಿದ್ರೆ ಸಾಕಿತ್ತು, ಬಿದ್ದೋಗಿರೋದು!” ನಿನ್ನ ಅಪ್ಪ ಮಸಿ ಬಳಿದ ಮುಖದಲ್ಲಿ ಅವನ ಮುಂದೆ ಕೈಮುಗಿದು ನಿಂತ. “ನೋಡ್ದೆ ಮಾರಾಯ, ಒಪ್ಕೊಂಡೆ. ಈಗ ದಯವಿಟ್ಟು ಅದನ್ನ ಬೀಳಿಸು” ಎಂದ. ಮತ್ತೆ ಅಗೆದೆವು. ಶನಿವಾರ ನಡುಹಗಲಿಗೆ ಗೋಪುರ ಬಿತ್ತು. ಗಿಲ್‌ಮೋರ್ ಟೋಪಿ ತೆಗೆದ, ನಿನ್ನ ಅಪ್ಪನೂ ತೆಗೆದ.

ಭಾನುವಾರ ದಳಪತಿ ಬಂದ. ಅರವತ್ತು ಜನ, ಹಾಸಿಗೆ, ಪಾತ್ರೆಪಗಡ, ಎರಡು ಗಾಡಿ ತುಂಬ ಏಲ್ ಮದ್ಯದ ಪೀಪಾಯಿಗಳ ಸಮೇತ ಬಂದು, ಕಲ್ಲಿನ ರಾಶಿಯ ಮುಂದೆ ನಿಂತ. ನಾವು ಎಲ್ಲ ಅರವತ್ತು ಒಕ್ಕಲು, ದನಕರು, ಮುದುಕರು, ಕೂಸುಗಳು ಬೆಟ್ಟದ ಮೇಲೆ ಹೆದರ್ ಪೊದೆಗಳ ಮರೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ನೋಡುತ್ತಿದ್ದೆವು. ಪ್ರತಿಯೊಬ್ಬರೂ ತಮ್ಮ ಮನೆಗೆ ತಾವೇ ಬೆಂಕಿ ಇಟ್ಟು ಬಂದಿದ್ದರು. ಒಂದೇ ಒಂದು ಒಕ್ಕಲು ಉಳಿದು ಅವನ ಮುಂದೆ ಕೈಕಟ್ಟಿ ನಿಲ್ಲಲಿಲ್ಲ. ನೀನು ಇಂಥ ಜನರ ಒಡೆಯನ ಮಗ. ಆ ಎರಡು ಗಿರಣಿಯ ಹಳ್ಳಿಯಲ್ಲಿ ಇಂಥವರು ನಿನಗೆ ಎಷ್ಟು ಜನ ಸಿಗುತ್ತಾರೋ ನೋಡಿಕೋ.

ಇನ್ನು ನಿನ್ನ ಮಾತು. ಪೆಂಟೆಕೋಸ್ಟ್ ಕಳೆದ ಗುರುವಾರ, ಸುದ್ದಿ ತಲುಪಿದ ದಿನ, ಬೆಳಗಿನಿಂದ ನಡುಹಗಲಿನವರೆಗೆ ನಿನ್ನನ್ನು ಆ ಇಂಗ್ಲಿಷ್ ಒಡೆಯನ ಅಂಗಳದಲ್ಲಿ ಹಗ್ಗದ ಕೆಳಗೆ ನಿಲ್ಲಿಸಿದ್ದರು, ಆಮೇಲೆ ಆ ಮನೆಯೊಡತಿ ಬಂದು ತಡೆದಳು ಎಂದು ಬರೆದಿದ್ದೀಯ. ಅವಳಿಗೆ ನನ್ನ ನಮಸ್ಕಾರ ಹೇಳು. ಇಂಗ್ಲಿಷರಲ್ಲಿ ನಾನು ಮಂಡಿಯೂರುವುದಿದ್ದರೆ ಅವಳೊಬ್ಬಳಿಗೆ. ಆ ಗುರುವಾರ ನಾನೇನು ಮಾಡುತ್ತಿದ್ದೆ ಎಂದು ಹಿಂದೆ ಎಣಿಸಿ ನೋಡಿದೆ. ಬೆಟ್ಟದಲ್ಲಿ ಮಣ್ಣುಹೆಂಟೆಯ ಗುಡಿಸಲು ಕಟ್ಟುತ್ತಿದ್ದೆವು. ಗಿಲ್‌ಮೋರ್ ಮುದುಕ, ದಳಪತಿ ಕಲ್ಲುರಾಶಿಯ ಮುಂದೆ ನಿಂತ ಭಂಗಿಯನ್ನು ಅಣಕಿಸಿ ತೋರಿಸಿದ. ನಾನು ಬಿದ್ದು ಬಿದ್ದು ನಕ್ಕೆ. ನೀನು ಹಗ್ಗದ ಕೆಳಗೆ ನಿಂತಿದ್ದ ಹೊತ್ತಿನಲ್ಲಿ ನಾನು ನಕ್ಕಿದ್ದೇನೆ. ಇದನ್ನು ಮುಚ್ಚಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಅದಕ್ಕೆ ಬೇಕಾದಷ್ಟು ತೆತ್ತಿದ್ದೇನೆ. ಹದಿನಾಲ್ಕು ತಿಂಗಳು ನಿನ್ನ ಸುದ್ದಿಯೇ ಇರಲಿಲ್ಲ. ನೇಣು ಹಾಕಿದರೆಂದೇ ತಿಳಿದೆವು. ಚರ್ಚಿನಲ್ಲಿ ನಿನ್ನ ಆತ್ಮಕ್ಕೆ ಪೂಜೆ ಮಾಡಿಸಿದೆವು, ಒಂದಲ್ಲ ಮೂರು. ಸ್ವರ್ಗದಲ್ಲಿ ನಿನಗೆ ಮುಂಚೆಯೇ ಜಾಗ ಹಿಡಿದಿಟ್ಟಿದ್ದೇವೆ, ಅದನ್ನು ಹಾಳುಮಾಡಿಕೊಳ್ಳಬೇಡ. ಮಾರ್ಸಲಿ ಆ ಹದಿನಾಲ್ಕು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. “ನನ್ನ ಕೇಳ್ದೆ ನನ್ನ ಮಗನ್ನ ಕೊಂದ್ಬಿಟ್ರಿ” ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ಇನ್ನೊಂದು ಅಕ್ಷರ ಆಡಲಿಲ್ಲ. ಅವಳು ಹೇಳಿದ್ದು ನಿನ್ನನ್ನು. ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಪಕ್ಕದಲ್ಲೇ ಕೂತು ಗಂಜಿ ಕುಡಿಯುತ್ತಿದ್ದ.

ಆಮೇಲೊಬ್ಬ ಉಣ್ಣೆ ವ್ಯಾಪಾರಿ ಬಂದ. ನೀನು ಬದುಕಿದ್ದೀಯ ಎಂದ. ನಿನ್ನ ಅಪ್ಪನ ಹೆಸರು ಹೇಳಿ ನೆಲಕ್ಕೆ ಉಗುಳು ಎಂದರೆ ನೀನು ಉಗುಳಲಿಲ್ಲವಂತೆ, ಚಾಟಿಯಲ್ಲಿ ಹೊಡೆದರೂ ಉಗುಳಲಿಲ್ಲವಂತೆ, “ಬಾಯಿ ಒಣಗಿದೆ” ಎಂದೆಯಂತೆ. ನಿನ್ನ ಅಪ್ಪ ಆ ವ್ಯಾಪಾರಿಯನ್ನು ಬಿಡಲಿಲ್ಲ. ನಾಲ್ಕು ಸಲ ಹೇಳಿಸಿಕೊಂಡ. ನಾಲ್ಕನೆಯ ಸಲ ವ್ಯಾಪಾರಿ ಒಂದಿಷ್ಟು ತನ್ನದನ್ನೂ ಸೇರಿಸಿಯೇ ಹೇಳಿದ, ನಾವು ಯಾರೂ ತಡೆಯಲಿಲ್ಲ. ಕಣಿವೆಯಲ್ಲಿ ಈಗಲೂ ಕೊಡುವ ಮನಸ್ಸಿಲ್ಲದ್ದನ್ನು ಯಾರಾದರೂ ಕೇಳಿದರೆ “ಬಾಯಿ ಒಣಗಿದೆ” ಎನ್ನುತ್ತಾರೆ. ನೀನು ಹನ್ನೆರಡು ವರ್ಷಕ್ಕೇ ನಮ್ಮ ಮಾತಿನೊಳಗೆ ಸೇರಿಹೋಗಿದ್ದೀಯ.

ಏಳು ವರ್ಷ ಗುಡಿಸಲಿನಲ್ಲಿ ಬದುಕಿದೆವು. ಈ ವರ್ಷ ಸಂತ ಜಾನ್ ಹಬ್ಬದ ಯುದ್ಧಕ್ಕೆ ನಿನ್ನ ಅಪ್ಪ ಕುದುರೆ ಬಿಟ್ಟು, ಒಕ್ಕಲುಗಳ ಜೊತೆ ಕಾಲಾಳಾಗಿ ಈಟಿ ಹಿಡಿದು ನಿಂತ. ಎಡಕ್ಕೆ ಡೂಗಲ್ ಇದ್ದ. ಇಂಗ್ಲಿಷ್ ಕುದುರೆಗಳು ಬಂದು ಅಪ್ಪಳಿಸಿದಾಗ ಒಬ್ಬನೂ ಹಿಂದೆ ಸರಿಯಲಿಲ್ಲವಂತೆ. ತೊಡೆಗೆ ಆದ ಗಾಯ ಕೆಟ್ಟಿತು. ಡೂಗಲ್ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಒಂಬತ್ತು ದಿನ ಬದುಕಿದ್ದ, ಗೆದ್ದ ಕಥೆಯನ್ನು ಬಂದವರಿಗೆಲ್ಲ ಹೇಳಿದ. ಪ್ರತಿ ಸಲ ಹೇಳಿದಾಗಲೂ ಇಂಗ್ಲಿಷರ ಸಂಖ್ಯೆ ಒಂದು ಸಾವಿರ ಏರುತ್ತಿತ್ತು.

ಕೊನೆಯ ದಿನ ಎಲ್ಲರನ್ನೂ ಹೊರಗೆ ಕಳಿಸಿ ನನಗೆ ಹೇಳಿದ: “ಹುಡುಗ ಬಂದೇ ಬರ್ತಾನೆ. ಬಂದು ಕೇಳ್ತಾನೆ. ಆ ಬುಧವಾರದ ಮಾತು ನಂದು ಅಂತ್ಲೇ ಹೇಳು. ಸತ್ತವನಿಗೆ ಮಗನ ಕೋಪ ಏನೂ ಭಾರ ಅಲ್ಲ. ಗೋಪುರಾನ ನಾನು ಕೆಡವಿದೀನಿ. ಅಮ್ಮನ್ನೂ ಕೆಡವಿಬಿಟ್ರೆ ಅವನು ವಾಪಸ್ ಬರೋದಾದ್ರೂ ಎಲ್ಲಿಗೆ?” ಕತ್ತಿಯ ಹಿಡಿಯ ಶಿಲುಬೆಯ ಮೇಲೆ ನನ್ನ ಕೈಯಿಡಿಸಿ ಆಣೆ ಮಾಡಿಸಿಕೊಂಡ. ನಾನು ಮಾಡಿದೆ. ಅವನು ನೆಮ್ಮದಿಯಿಂದ ಹೋದ.

ಆ ಆಣೆಯನ್ನು ಈ ಪತ್ರದಲ್ಲಿ ಮುರಿದಿದ್ದೇನೆ. ಆಣೆ ಮುರಿಯುವುದು ನಮ್ಮ ಮನೆಗೆ ಹೊಸದೇನಲ್ಲ. ಅವನು ನನ್ನನ್ನು ಕಾಪಾಡಲು ನೋಡಿದ, ಅದು ಅವನ ದೊಡ್ಡತನ. ಆದರೆ ನಿನ್ನನ್ನು ಬಿಟ್ಟುಕೊಡಲಾರದೆ ಮೂರು ಸಲ ಲಾಯಕ್ಕೆ ಹೋಗಿ ಬಂದವನನ್ನು, ಕಲ್ಲೆದೆಯವನೆಂದು ಅವನ ಮಗನೇ ನೆನೆಯುವುದನ್ನು ನಾನು ಸಹಿಸಲಾರೆ. ಅವನಿಗೆ ಒಬ್ಬ ಮಗ ಬೇಕು. ಅವನ ಸಮಾಧಿಯ ಮೇಲೆ ಕಲ್ಲಿಡುವುದಕ್ಕೆ, ಅವನ ಹೆಸರನ್ನು ರಾಜನ ಮುಂದೆ ತಲೆಯೆತ್ತಿ ಹೇಳುವುದಕ್ಕೆ. ನನಗೆ ಮಗ ಇಲ್ಲದಿದ್ದರೂ ನಡೆಯುತ್ತದೆ, ಹದಿನಾಲ್ಕು ತಿಂಗಳು ನಡೆಸಿ ನೋಡಿದ್ದೇನೆ.

ನಾನು ಕ್ಷಮೆ ಕೇಳುವುದಿಲ್ಲ ಫೆರ್ಕರ್. ಆ ಬುಧವಾರ ಇನ್ನೊಮ್ಮೆ ಬಂದರೆ ಅದೇ ಮಾತು ಹೇಳುತ್ತೇನೆ, ಹೇಳಿ ಇನ್ನೊಮ್ಮೆ ಸಾಯುತ್ತೇನೆ. ಆ ಆರು ಜನರಲ್ಲಿ ನಾಲ್ವರು ಆಮೇಲೆ ಯುದ್ಧಗಳಲ್ಲಿ ಹೋದರು. ಉಳಿದವರು ಡೂಗಲ್ ಮತ್ತು ಗಿರಣಿಯವನ ಮಗ. ಆದರೆ ಹೋಗುವ ಮೊದಲು ಬದುಕಿದರು, ಮದುವೆಯಾದರು. ಆರು ಮನೆಗಳಿಂದ ಈಗ ಒಂಬತ್ತು ಮಕ್ಕಳಿವೆ. ನೀನು ಸತ್ತಿದ್ದೀಯ ಎಂದುಕೊಂಡಿದ್ದ ವರ್ಷ ಹುಟ್ಟಿದ ಡೂಗಲ್‌ನ ಚೊಚ್ಚಲು ಮಗನಿಗೆ ನಿನ್ನ ಹೆಸರಿಟ್ಟಿದ್ದಾರೆ. ಮಹಾ ತಂಟೆಕೋರ. ಮಾರ್ಸಲಿ ದಿನಕ್ಕೆ ಹತ್ತು ಸಲ “ಏಯ್ ಫೆರ್ಕರ್, ಇಳಿಯೋ ಕೆಳಗೆ” ಎಂದು ಕೂಗುತ್ತಾಳೆ, ಕೂಗಿದಾಗಲೆಲ್ಲ ನಾನು ತಿರುಗಿ ನೋಡುತ್ತೇನೆ.

ಬರುವುದಾದರೆ ಈಸ್ಟರ್‌ಗೆ ಮುಂಚೆ ಬಾ. ಕೋಪವಿದ್ದರೆ ಕೋಪದಿಂದಲೇ ಬಾ. ನನ್ನ ಮುಖ ನೋಡುವುದು ಕಷ್ಟವಾದರೆ ಅದಕ್ಕೂ ದಾರಿ ಮಾಡಿದ್ದೇನೆ. ಮಠದಲ್ಲಿ ನನಗೊಂದು ಕೋಣೆ ಕೇಳಿ ಇಟ್ಟಿದ್ದೇನೆ. ನೀನು ಹೊಳೆ ದಾಟುತ್ತಿರುವೆಯೆಂದು ತಿಳಿದ ಗಳಿಗೆಯಲ್ಲೇ ನಾನು ಹೊರಟುಬಿಡುತ್ತೇನೆ. ಮಾರ್ಸಲಿಯ ಒಲೆಯ ಹತ್ತಿರ ಹೋಗಿ ಕೂರು. ಅವಳು ರೊಟ್ಟಿ ಕೊಡುತ್ತಾಳೆ. ಸಂಕೋಚವಿಲ್ಲದೆ ತಿನ್ನು, ನಿನ್ನ ಗಂಟಲಲ್ಲಿ ಅದು ಸಲೀಸಾಗಿ ಇಳಿಯಲಿ ಎಂದೇ ನಾನು ಅಷ್ಟೆಲ್ಲ ಮಾಡಿದ್ದು.

ದೇವರು, ಸಂತ ನಿನಿಯನ್, ನಿನ್ನ ಅಪ್ಪನ ಪುಣ್ಯ ನಿನ್ನ ಬೆನ್ನಿಗಿರಲಿ. ಯಾವ ನೆಲದಲ್ಲಿ ನಿಂತರೂ ತಲೆಯೆತ್ತಿ ನಿಲ್ಲುವಂತಾಗಲಿ.

ನಿನ್ನನ್ನು ಹೆತ್ತವಳು, ನಿನ್ನನ್ನು ಕೊಟ್ಟವಳು,
ಬೆಥೊಕ್